ಕಾಂಕ್ರೀಟ್ ಮನೆಯ ಮೊದಲ ಮಳೆಗಾಲ

ಕಳೆದ ವಾರ ಮದರಾಸಿನ ಅಡ್ಯಾರ್‌ನಲ್ಲಿ ಕಚೇರಿಯ ಒಂದು ಕೆಲಸ ಮುಗಿಸಿ ಬಸ್ ನಿಲ್ದಾಣದ ಕಡೆ ನಡೆಯುತ್ತಿದ್ದೆ. ದಾರಿಯಲ್ಲಿ ಒಂದು ಮನೆ ಏಳುತ್ತಿತ್ತು. ಹೊಸ ಕಂಬಗಳಿಗೆ ಗೋಣಿಚೀಲ ಸುತ್ತಿದ್ದರು. ಒಬ್ಬ ಹೆಂಗಸು ಪೈಪು ಹಿಡಿದು ಅವುಗಳ ಮೇಲೆ ನೀರು ಬಿಡುತ್ತಿದ್ದಳು. ಒದ್ದೆ ಗೋಣಿ, ಒದ್ದೆ ಸಿಮೆಂಟು ಎರಡೂ ಸೇರಿದ ವಾಸನೆ ಮೂಗಿಗೆ ಬಂತು. ಒಂದು ಕಾಲದಲ್ಲಿ ನನಗೆ ಅದು ಬಹಳ ಇಷ್ಟವಾದ ವಾಸನೆ. ನಮ್ಮ ಮನೆ ಕಟ್ಟುವಾಗ ದಿನಾ ಬೆಳಿಗ್ಗೆ ಕಚೇರಿಗೆ ಹೋಗುವ ಮೊದಲು ಅದಕ್ಕೆಂದೇ ಹತ್ತು ನಿಮಿಷ ಅಲ್ಲಿ ನಿಲ್ಲುತ್ತಿದ್ದೆ. ಈಗ ರಸ್ತೆ ದಾಟಿ ಆಚೆ ಬದಿಗೆ ಹೋದೆ. ಹೋದಮೇಲೂ ಕಿವಿ ಆ ಕಟ್ಟಡದ ಕಡೆಗೇ ಇತ್ತು. ಒಳಗೆ ಯಾರಾದರೂ ತಟ್ಟುತ್ತಿದ್ದಾರೆಯೇ ಎಂದು.

ಕೋಡಂಬಾಕ್ಕಂನಲ್ಲಿ ನಮ್ಮ ಹಳೆಯ ಮನೆ ಎಂದರೆ ನಿಜವಾಗಿ ಅರ್ಧ ಮನೆ. ಒಂದೇ ಹೆಂಚಿನ ಮಾಡಿನ ಕೆಳಗೆ ನಡುವೆ ಒಂದು ಗೋಡೆ, ಈಚೆ ನಾವು, ಆಚೆ ಕಮಲಕ್ಕನ ಸಂಸಾರ. ನಮ್ಮ ತಂದೆ ರೈಲ್ವೆಯಲ್ಲಿದ್ದರು, ಮೈಸೂರಿನ ಕಡೆಯವರು. ಕಮಲಕ್ಕನ ಗಂಡ ಏಳುಮಲೈ, ಸಿನಿಮಾ ಸ್ಟುಡಿಯೋಗಳಲ್ಲಿ ದೀಪ ಹಿಡಿಯುವ ಕೆಲಸ ಮಾಡುತ್ತಿದ್ದರು. ಇಬ್ಬರೂ ಒಂದೇ ವರ್ಷ ಆ ಮನೆಯ ಅರ್ಧರ್ಧ ಕೊಂಡರು.

ನಡುವಿನ ಗೋಡೆ ಎರಡೂ ಅಡುಗೆಮನೆಗಳಿಗೆ ಹೊಂದಿಕೊಂಡಿತ್ತು. ನಮ್ಮಮ್ಮ ಮದರಾಸಿಗೆ ಬಂದಾಗ ಅವಳಿಗೆ ತಮಿಳು ಬರುತ್ತಿರಲಿಲ್ಲ, ಕಮಲಕ್ಕನಿಗೆ ಕನ್ನಡ ಬರುತ್ತಿರಲಿಲ್ಲ. ಮಾತಿಗಿಂತ ಮೊದಲು ಅವರ ನಡುವೆ ತಟ್ಟುವುದು ಶುರುವಾಯಿತು. ಶುಂಠಿ ಜಜ್ಜುವ ಕಲ್ಲಿನಿಂದ ಗೋಡೆಗೆ ಒಂದು ಸಲ ತಟ್ಟಿದರೆ ಕಾಫಿ ಆಯಿತು, ಹಿತ್ತಲಿಗೆ ಬಾ ಎಂದು. ಎರಡು ಸಲ ತಟ್ಟಿದರೆ ನೀರಿನ ಲಾರಿ ಬಂದಿದೆ, ಕೊಡ ತೆಗೆದುಕೋ ಎಂದು. ಮೂರು ಸಲ ತಟ್ಟಿದರೆ ಕೈಯಲ್ಲಿರುವುದನ್ನೆಲ್ಲ ಬಿಟ್ಟು ಬಾ ಎಂದು.

ಮೂರು ಸಲ ತಟ್ಟಿದ್ದು ಕಡಿಮೆ. ಮಗಳು ಸೆಲ್ವಿ ಹುಟ್ಟುವ ದಿನ ಹೆರಿಗೆ ನೋವು ಬಂದಾಗ ಕಮಲಕ್ಕ ಒಮ್ಮೆ ತಟ್ಟಿದ್ದಳು. ನಮ್ಮ ತಂದೆಗೆ ಎದೆನೋವು ಬಂದಾಗ ಅಮ್ಮ ತಟ್ಟಿದಳು. ಆಗ ನಾನು ಕಾಲೇಜಿನಲ್ಲಿ ಓದುತ್ತಿದ್ದೆ, ಕೈಕಾಲು ಆಡದೆ ನಿಂತಿದ್ದೆ. ಏಳುಮಲೈ ಬನಿಯನ್ನಿನಲ್ಲೇ ಓಡಿ ಬಂದು ತಂದೆಯನ್ನು ಕುರ್ಚಿಯಲ್ಲಿ ಕೂರಿಸಿ, ಕುರ್ಚಿಯ ಸಮೇತ ಎತ್ತಿ ಆಟೋವರೆಗೆ ಹೊತ್ತುಕೊಂಡು ಹೋದರು. ತಂದೆ ಆಮೇಲೆ ಹನ್ನೊಂದು ವರ್ಷ ಬದುಕಿದರು. ಆ ಹನ್ನೊಂದು ವರ್ಷವನ್ನು ಗೋಡೆ ಕೊಟ್ಟಿದ್ದು ಎಂದು ಅಮ್ಮ ಹೇಳುತ್ತಿದ್ದಳು.

ಆದರೆ ಆ ಮನೆಯಲ್ಲಿ ಮಳೆಗಾಲ ಕಳೆಯುವುದು ಕಷ್ಟವಿತ್ತು. ದೀಪಾವಳಿ ಮುಗಿಯುವ ಹೊತ್ತಿಗೆ ಮಳೆ ಹಿಡಿಯಿತೆಂದರೆ ಮನೆಯಲ್ಲಿದ್ದ ಪಾತ್ರೆಗಳೆಲ್ಲ ನೆಲಕ್ಕೆ ಬರುತ್ತಿದ್ದವು. ಯಾವ ಹೆಂಚಿನ ಕೆಳಗೆ ಯಾವ ಪಾತ್ರೆ ಎಂಬುದು ನಮಗೆ ಬಾಯಿಪಾಠವಾಗಿತ್ತು. ಅಮ್ಮನ ಮಂಚವನ್ನು ಒಂದು ವಾರದಲ್ಲಿ ನಾಲ್ಕು ಕಡೆ ಎಳೆದಾಡುತ್ತಿದ್ದೆವು. ಮೊಗಸಾಲೆಗೆ ಹಾಕಿದ್ದ ಶೀಟಿನ ಮೇಲೆ ಮಳೆ ಬಿದ್ದರೆ ಕಿರುಚಿ ಮಾತಾಡಬೇಕಿತ್ತು. ಬಟ್ಟೆಯೆಲ್ಲ ಮುಗ್ಗಲು. ಬಚ್ಚಲು ಹಿತ್ತಲಿನಲ್ಲಿ, ಕೊಡೆ ಹಿಡಿದು ಹೋಗಬೇಕು.

ಹಾಗಾಗಿ ಒಬ್ಬ ಬಿಲ್ಡರ್ ಬಂದು, ಎರಡೂ ಮನೆ ಕೊಡಿ, ಕೆಡವಿ ಮೂರು ಅಂತಸ್ತು ಕಟ್ಟಿ ನಿಮಗೊಂದು ಅವರಿಗೊಂದು ಫ್ಲ್ಯಾಟು ಕೊಡುತ್ತೇನೆ ಎಂದಾಗ ನಾನು ಎರಡು ಸಲ ಯೋಚನೆ ಮಾಡಲಿಲ್ಲ. ಯೋಚನೆ ಮಾಡಿದ್ದು ಕಮಲಕ್ಕ. ಆಗ ಏಳುಮಲೈ ತೀರಿಕೊಂಡು ಐದು ವರ್ಷವಾಗಿತ್ತು. ಸೆಲ್ವಿ ಟಿ. ನಗರದ ಒಂದು ಸೀರೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದಳು. ನಾನು ಒಂದು ಭಾನುವಾರ ಬೆಳಿಗ್ಗೆ ಪೂರ್ತಿ ಅವರ ಮನೆಯಲ್ಲಿ ಕೂತು ಮಾತಾಡಿದೆ. ಸೋರುವುದಿಲ್ಲ, ಗೆದ್ದಲು ಹಿಡಿಯುವುದಿಲ್ಲ, ಇಲಿ ಚೇಳು ಬರುವುದಿಲ್ಲ, ಎಂಥ ಗಾಳಿ ಬಂದರೂ ಮಾಡು ಹಾರುವುದಿಲ್ಲ, ಕೆಳಗೆ ವಾಹನ ನಿಲ್ಲಿಸುವ ಜಾಗ ಬಿಟ್ಟು ಮೇಲೆ ಕಟ್ಟುವುದರಿಂದ ರಸ್ತೆಯ ನೀರು ಒಳಗೆ ಬರುವುದಿಲ್ಲ, ಬಾಗಿಲು ಹಾಕಿದರೆ ಹೊರಗಿನ ಒಂದು ಸದ್ದೂ ಕೇಳುವುದಿಲ್ಲ. ಹೀಗೆ ಬೆರಳು ಮಡಚಿ ಮಡಚಿ ಹೇಳಿದೆ.

ಕಮಲಕ್ಕ ಬೆಳ್ಳುಳ್ಳಿ ಬಿಡಿಸುತ್ತಾ ಎಲ್ಲ ಕೇಳಿದಳು. ಅಷ್ಟು ಹೊತ್ತಿಗೆ ಅವಳ ಕನ್ನಡ ನಮ್ಮಮ್ಮನ ಕನ್ನಡವೇ ಆಗಿತ್ತು, ಅಲ್ಲಲ್ಲಿ ತಮಿಳು ಬೆರೆಸಿದ್ದು.

"ಎಲ್ಲಾ ಸರಿಪ್ಪಾ. ಈ ಗೋಡೆ ಹೋದ್ರೆ ನಿಮ್ಮಮ್ಮನ್ನ ಹೆಂಗೆ ಕೂಗೋದು?"

"ಫೋನ್ ಇದೆಯಲ್ಲ ಕಮಲಕ್ಕ."

"ಫೋನಿಗೆ ರೀಚಾರ್ಜ್ ಮಾಡಬೇಕು, ಮೂರ್ತಿ. ಗೋಡೆಗೆ ಬೇಡ."

ಎಲ್ಲರೂ ನಕ್ಕೆವು. ಮರುವಾರ ಅವಳು ಸಹಿ ಹಾಕಿದಳು. "ಮೂರ್ತಿ ಹೇಳ್ತಾನೆ ಅಂದ್ರೆ ಸರಿ ಇರುತ್ತೆ" ಎಂದು ಬಿಲ್ಡರಿಗೆ ಹೇಳಿದ್ದು ನನ್ನ ಎದುರಿಗೇ.

ನಮಗೆ ಮೊದಲ ಮಹಡಿ, ನಮ್ಮ ನೆತ್ತಿಯ ಮೇಲೆ ಎರಡನೆಯದರಲ್ಲಿ ಕಮಲಕ್ಕ. ಮೂರನೆಯ ಮಹಡಿಯನ್ನು ಬಿಲ್ಡರ್ ಬೇರೆಯವರಿಗೆ ಮಾರಿದ. ಹೊಸ ಮನೆಗೆ ಬಂದದ್ದು ಬೇಸಿಗೆಯ ಕೊನೆಯಲ್ಲಿ. ಅಮ್ಮ ಮೊದಲ ವಾರ ಪೂರ್ತಿ ಬರಿಗಾಲಿನಲ್ಲಿ ನೆಲದ ತಂಪು ನೋಡುತ್ತಾ ಓಡಾಡಿದಳು. ಕಮಲಕ್ಕನಿಗೆ ಎಲ್ಲಕ್ಕಿಂತ ಹೆಚ್ಚು ಸಂತೋಷ ಕೊಟ್ಟಿದ್ದು ಕೋಣೆಗೆ ಅಂಟಿಕೊಂಡ ಸ್ನಾನದ ಮನೆ. ಐವತ್ತೆಂಟು ವರ್ಷಕ್ಕೆ ಮೊದಲ ಸಲ ಕೊಡೆ ಇಲ್ಲದೆ ಸ್ನಾನಕ್ಕೆ ಹೋಗುತ್ತಿದ್ದೇನೆ ಎಂದಳು. ಬಿಳಿ ಟೈಲ್ಸ್ ತೋರಿಸಿ, "ಇಲ್ಲೇ ಚಾಪೆ ಹಾಕ್ಕೊಂಡು ಮಲಗಬಹುದು, ನೋಡು" ಎಂದಳು. ಪ್ಲಾಸ್ಟಿಕ್ ಮಗ್ಗು ಮಾತ್ರ ಒಗ್ಗಲಿಲ್ಲ. ಅದರಲ್ಲಿ ಸುರಿದುಕೊಂಡರೆ ಮಿಂದ ಹಾಗೆ ಆಗುವುದಿಲ್ಲ ಎಂದು ಹಳೆಯ ಹಿತ್ತಾಳೆ ಚೊಂಬನ್ನೇ ತಂದಿಟ್ಟುಕೊಂಡಿದ್ದಳು.

ಮೊದಲ ದಿನಗಳಲ್ಲಿ ಅವಳು ನೆಲಕ್ಕೆ ಕಲ್ಲಿನಿಂದ ಒಂದು ಸಲ ತಟ್ಟುತ್ತಿದ್ದಳು, ಕಾಫಿಗೆ. ಅಮ್ಮ ಕೆಳಗಿನಿಂದ ಗೋಡೆಗೆ ತಟ್ಟುತ್ತಿದ್ದಳು. ಆಗ ನನಗೆ ಒಂದು ವಿಷಯ ತಿಳಿಯಿತು. ಕಾಂಕ್ರೀಟು ಹೊರಗಿನ ಸದ್ದನ್ನು ತಡೆಯುತ್ತದೆ, ಆದರೆ ತನ್ನ ಮೈಗೆ ಬಿದ್ದ ಪೆಟ್ಟನ್ನು ಕಂಬದಿಂದ ಕಂಬಕ್ಕೆ, ತಾರಸಿಯಿಂದ ತಾರಸಿಗೆ ಕಟ್ಟಡದ ತುಂಬ ಒಯ್ಯುತ್ತದೆ. ಎಲ್ಲರಿಗೂ ಕೇಳುತ್ತದೆ, ಎಲ್ಲಿಂದ ಎಂದು ಮಾತ್ರ ಯಾರಿಗೂ ಗೊತ್ತಾಗುವುದಿಲ್ಲ. ಮೂರನೆಯ ಮಹಡಿಯವರು ಕೆಳಗೆ ಬಂದು, ಯಾರು ಸಾರ್ ದಿನಾ ಬೆಳಿಗ್ಗೆ ಹೊಡೆಯೋದು ಎಂದು ಕೇಳಿದರು. ಕಟ್ಟಡದ ಸಂಘಕ್ಕೆ ನಾನೇ ಕಾರ್ಯದರ್ಶಿ. ಮೇಲೆ ಹೋಗಿ ಹೇಳಿದೆ, "ಕಮಲಕ್ಕ, ಇನ್ನು ತಟ್ಟಬೇಡಿ. ಫೋನ್ ಮಾಡಿ."

"ಸರಿಪ್ಪಾ" ಎಂದಳು. ಆಮೇಲೆ ತಟ್ಟಲಿಲ್ಲ. ಕಲ್ಲನ್ನು ಕಪಾಟಿನ ಮೇಲೆ ಎತ್ತಿಟ್ಟಿದ್ದನ್ನು ನಾನು ನೋಡಿದೆ. ಒಂದು ಮಾತ್ರ ಉಳಿಯಿತು. ಅವಳ ಮನೆಯ ಇನ್ನೊಂದು ಬೀಗದ ಕೈ ನಮ್ಮ ಅಡುಗೆಮನೆಯಲ್ಲಿ ಇರುತ್ತಿತ್ತು. ಕಾಂಕ್ರೀಟಿಗೆ ಮೊಳೆ ಹೋಗದ ಕಾರಣ ಅಂಟಿನ ಕೊಕ್ಕೆಗೆ ನೇತುಹಾಕಿದ್ದೆ.

ದೀಪಾವಳಿ ಕಳೆದು ಮಳೆ ಬಂತು. ಕಿಟಕಿ ಮುಚ್ಚಿದರೆ ಮಳೆಗೆ ಸದ್ದೇ ಇರಲಿಲ್ಲ. ಗಾಜಿನ ಆಚೆ ಬೇವಿನ ಮರ ಒಂದು ಕಡೆಗೆ ಬಾಗಿ ಏಳುತ್ತಿತ್ತು, ಒಳಗೆ ಗಡಿಯಾರ ಕೇಳುತ್ತಿತ್ತು. ಅಮ್ಮ ಮಧ್ಯಾಹ್ನ ಹಾಸಿಗೆಯ ಮೇಲೆ ಕಾಲು ಚಾಚಿ, ಗೋಡೆಗೆ ಬೆನ್ನು ಕೊಟ್ಟು, "ಪಾತ್ರೆ ಇಡೋ ಕೆಲಸ ಇಲ್ಲ ಅಂದ್ರೆ ಏನು ಮಾಡೋದು ಅಂತಾನೇ ಗೊತ್ತಾಗಲ್ಲ ಕಣೋ" ಎಂದಳು. ನನಗೆ ಆ ಮಾತು ಕೇಳಿ ಎಷ್ಟು ಹೆಮ್ಮೆಯಾಯಿತು ಎಂಬುದು ಚೆನ್ನಾಗಿ ನೆನಪಿದೆ.

ಚಂಡಮಾರುತ ಬರುತ್ತದೆ ಎಂದು ಮೂರು ದಿನ ಮೊದಲೇ ಹೇಳಿದ್ದರು. ಆ ದಿನ ಬೆಳಿಗ್ಗೆ ಮಳೆ ಇನ್ನೂ ಹದವಾಗಿತ್ತು. ಅಂಗಡಿ ತೆರೆಯುತ್ತಾರೆ, ಮಧ್ಯಾಹ್ನ ಬಿಡುತ್ತಾರೆ ಎಂದು ಸೆಲ್ವಿ ಎಂಟೂವರೆಗೆ ಹೊರಟಳು. ಮೆಟ್ಟಿಲಲ್ಲಿ ಸಿಕ್ಕಳು. "ಅಮ್ಮನ್ನ ನೋಡ್ಕೊಳ್ಳಿ ಅಂಕಲ್" ಎಂದು ತಮಿಳಿನಲ್ಲಿ ಹೇಳಿದಳು. ಅದು ದಿನಾ ಹೇಳುವ ಮಾತು. ನಾನೂ ದಿನಾ ಹೇಳುವ ಹಾಗೆ ಸರಿ ಎಂದೆ. ನನ್ನ ಹೆಂಡತಿ ಮಗಳನ್ನು ಕರೆದುಕೊಂಡು ತನ್ನ ತಮ್ಮನ ಮನೆಯ ಗೃಹಪ್ರವೇಶಕ್ಕೆಂದು ಮೈಸೂರಿಗೆ ಹೋಗಿದ್ದಳು. ಮನೆಯಲ್ಲಿ ಅಮ್ಮ ಮತ್ತು ನಾನು.

ಹತ್ತು ಗಂಟೆಗೆ ಕರೆಂಟು ಹೋಯಿತು. ಹತ್ತೂವರೆಗೆ ಫೋನಿನ ಸಿಗ್ನಲ್ ಹೋಯಿತು. ರಸ್ತೆಯಲ್ಲಿ ನೀರು ಮೊಣಕಾಲಿಗೆ ಬಂದಿತ್ತು. ನನ್ನದು ವಿಮಾ ಕಚೇರಿಯ ಕೆಲಸ. ನಷ್ಟವಾಗಿದೆ ಎಂದು ಅರ್ಜಿ ಕೊಟ್ಟವರ ಬಳಿ ಏನಾಯಿತು, ಎಷ್ಟು ಹೊತ್ತಿಗಾಯಿತು, ನೀವು ಕಣ್ಣಾರೆ ಕಂಡಿರಾ ಎಂದು ಕೇಳಿ ಬರೆಯುವುದು. ಅಂಥ ಒಂದು ವರದಿಯನ್ನು ಲ್ಯಾಪ್‌ಟಾಪಿನ ಬ್ಯಾಟರಿ ಮುಗಿಯುವ ಮೊದಲು ಬರೆದು ಮುಗಿಸಬೇಕೆಂದು ಕೂತಿದ್ದೆ. ಹಾಗಾಗಿ ಪರದೆಯ ಮೂಲೆಯಲ್ಲಿ ಗಂಟೆಯನ್ನೂ ಬ್ಯಾಟರಿಯನ್ನೂ ಪದೇ ಪದೇ ನೋಡುತ್ತಿದ್ದೆ.

ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಸದ್ದು ಶುರುವಾಯಿತು. ದೊಡ್ಡ ಸದ್ದಲ್ಲ. ಟಕ್, ಟಕ್, ಟಕ್. ಬಿಡುವು. ಮತ್ತೆ ಅದೇ.

ಗೋಡೆಗೆ ಒರಗಿ ಕೂತಿದ್ದ ಅಮ್ಮ ಬೆನ್ನು ನೇರ ಮಾಡಿದಳು. ಅವಳಿಗೆ ಕಿವಿ ಅಷ್ಟು ಚೆನ್ನಾಗಿ ಕೇಳಿಸುವುದಿಲ್ಲ. ತಿರುಗಿ ಗೋಡೆಗೆ ಅಂಗೈ ಇಟ್ಟಳು.

"ಮೂರ್ತಿ, ಯಾರೋ ತಟ್ತಿದಾರೆ."

"ಮೂರನೇ ಮಹಡೀಲಿ ಟೈಲ್ಸ್ ಕೆಲಸ ಅಮ್ಮ."

ಅದು ಸುಳ್ಳಲ್ಲ. ಮೂರನೆಯ ಮಹಡಿಯವರು ಬಿಲ್ಡರ್ ಹಾಕಿಸಿದ ಟೈಲ್ಸ್ ಕೀಳಿಸಿ ಬೇರೆ ಹಾಕಿಸುತ್ತಿದ್ದರು. ಹದಿನೈದು ದಿನದಿಂದ ಮೇಲೆ ತಟ್ಟುವ ಸದ್ದು ಇದ್ದೇ ಇತ್ತು. ಅದಕ್ಕೆ ನಾವೆಲ್ಲ ಹೊಂದಿಕೊಂಡಿದ್ದೆವು.

"ಮೂರು ಮೂರು ಸಲ ತಟ್ತಿದಾರಲ್ಲೋ."

"ಟೈಲ್ಸ್ ಕೂರಿಸೋರು ಹಂಗೇ ತಟ್ಟೋದು."

"ಈ ಮಳೇಲಿ ಕೆಲಸಕ್ಕೆ ಬಂದಿದಾರಾ?"

"ಬೆಳಿಗ್ಗೆ ಬಂದು ಸಿಕ್ಕಿಹಾಕ್ಕೊಂಡಿರ್ತಾರೆ."

ಈ ಉತ್ತರ ಕೊಡುವಾಗ ನಾನು ಪರದೆಯಿಂದ ತಲೆ ಎತ್ತಲಿಲ್ಲ. ಟೈಲ್ಸ್‌ನವರು ಬಂದಿದ್ದನ್ನು ನಾನು ನೋಡಿರಲಿಲ್ಲ. ಬಂದಿರುವುದಿಲ್ಲ ಎಂದು ಒಳಗೆ ಗೊತ್ತಿತ್ತೇ? ಈ ಒಂದು ವರ್ಷ ಇದನ್ನೇ ಕೇಳಿಕೊಂಡಿದ್ದೇನೆ. ಗೊತ್ತಿತ್ತು ಎಂದು ಬರೆದರೆ ಪೂರ್ತಿ ನಿಜವಾಗುವುದಿಲ್ಲ. ಗೊತ್ತಿರಲಿಲ್ಲ ಎಂದು ಬರೆದರೆ ಅದೂ ನಿಜವಲ್ಲ. ಮೂರರ ತನಕ ಎಣಿಸಲು ನನಗೂ ಬರುತ್ತದೆ. ಆ ಎಣಿಕೆಯಿಂದಲೇ ನಮ್ಮ ತಂದೆ ಹನ್ನೊಂದು ವರ್ಷ ಬದುಕಿದ್ದು.

ಅಮ್ಮ ಕಮಲಕ್ಕನಿಗೆ ಫೋನ್ ಮಾಡಲು ನೋಡಿದಳು. ಸಿಗ್ನಲ್ ಇರಲಿಲ್ಲ. "ಒಂದ್ಸಲ ಮೇಲೆ ಹೋಗಿ ನೋಡ್ಬಾರೋ" ಎಂದಳು. ಅವಳ ಮಂಡಿಗೆ ಮೆಟ್ಟಿಲು ಆಗುತ್ತಿರಲಿಲ್ಲ, ಲಿಫ್ಟಿಗೆ ಕರೆಂಟಿರಲಿಲ್ಲ.

"ಇದೊಂದು ಪುಟ ಮುಗಿಸ್ತೀನಮ್ಮ. ಕಮಲಕ್ಕ ತಟ್ಟಲ್ಲ. ತಟ್ಟಬೇಡಿ ಅಂತ ನಾನೇ ಹೇಳಿದೀನಲ್ಲ."

ಅಮ್ಮ ಎದ್ದು ಅಡುಗೆಮನೆಗೆ ಹೋದಳು. ಶುಂಠಿಯ ಕಲ್ಲು ಹಿಡಿದುಕೊಂಡು ಬಂದು ಗೋಡೆಯ ಬಳಿ ನಿಂತಳು. ಹಳೆಯ ಮನೆಯಲ್ಲಿ, ತಟ್ಟಿದ್ದು ಕೇಳಿಸಿತು ಎಂದು ಹೇಳಲು ತಿರುಗಿ ಒಂದು ಸಲ ತಟ್ಟುವುದಿತ್ತು. ಅವಳು ಕೈ ಎತ್ತಿದ್ದು ಕಂಡು ನಾನು ಎದ್ದು ಹೋದೆ. ಎದ್ದು ಹೋದೆ, ಮೆಟ್ಟಿಲಿಗಲ್ಲ. ಅವಳ ಕೈಯಿಂದ ಕಲ್ಲು ತೆಗೆದು ಮೇಜಿನ ಮೇಲಿಟ್ಟೆ. "ಮೂರನೇ ಮಹಡಿಯೋರು ಮತ್ತೆ ಬರ್ತಾರಮ್ಮ" ಎಂದೆ. ನಮ್ಮ ಬಾಗಿಲಿನಿಂದ ಕಮಲಕ್ಕನ ಬಾಗಿಲಿಗೆ ಇಪ್ಪತ್ತೆರಡು ಮೆಟ್ಟಿಲು. ಆಮೇಲೆ ಎಣಿಸಿದ್ದೇನೆ.

ಸೆಲ್ವಿ ಬಂದದ್ದು ಸಂಜೆ ನಾಲ್ಕಕ್ಕೆ, ಟಿ. ನಗರದಿಂದ ನೀರಿನಲ್ಲಿ ನಡೆದುಕೊಂಡು. ಮೆಟ್ಟಿಲಿನಲ್ಲಿ ಅವಳ ಒದ್ದೆ ಚಪ್ಪಲಿಯ ಸದ್ದು ಕೇಳಿತು. ಮೇಲೆ ಬೀಗ ತೆಗೆದಿದ್ದು ಕೇಳಿತು. ಆಮೇಲೆ ಅವಳ ಕೂಗು ಕೇಳಿತು. ಒಂದು ಸದ್ದೂ ಕೇಳದ ಮನೆ ಎಂದು ನಾನು ಹೇಳಿದ್ದ ಮನೆಯಲ್ಲಿ ಎಲ್ಲವೂ ಸ್ಪಷ್ಟವಾಗಿ ಕೇಳಿತು.

ಕಮಲಕ್ಕ ಸ್ನಾನದ ಮನೆಯಲ್ಲಿ ಗೋಡೆಯ ಪಕ್ಕ ಒಂದು ಮಗ್ಗುಲಾಗಿ ಬಿದ್ದಿದ್ದಳು. ಉಸಿರಿತ್ತು, ಎಚ್ಚರ ಇರಲಿಲ್ಲ. ಬಲಗೈಯಲ್ಲಿ ಹಿತ್ತಾಳೆ ಚೊಂಬು. ಬಿಡಿಸಿಕೊಳ್ಳಲು ಒಂದೊಂದೇ ಬೆರಳು ಬಿಡಿಸಬೇಕಾಯಿತು. ಚೊಂಬಿನ ಅಂಚು ಒಂದೇ ಕಡೆ ಒಳಗೆ ಹೋಗಿತ್ತು. ಬಿಳಿ ಟೈಲ್ಸ್ ಒಂದು ಸೀಳಿತ್ತು. ಆಂಬುಲೆನ್ಸ್ ಬೀದಿಯೊಳಗೆ ಬರಲಾಗಲಿಲ್ಲ. ನಾನು, ವಾಚ್‌ಮನ್ ಸೇರಿ ಅವಳನ್ನು ಪ್ಲಾಸ್ಟಿಕ್ ಕುರ್ಚಿಗೆ ಸೀರೆಯಿಂದ ಕಟ್ಟಿ ನೀರಿನಲ್ಲಿ ದೊಡ್ಡ ರಸ್ತೆಯವರೆಗೆ ಹೊತ್ತೆವು. ದಾರಿಯಲ್ಲಿ ವಾಚ್‌ಮನ್‌ನನ್ನು ಕೇಳಿದೆ, ಇವತ್ತು ಟೈಲ್ಸ್‌ನವರು ಬಂದಿದ್ದರೇ ಎಂದು. "ಈ ಮಳೆಯಲ್ಲಿ ಯಾರು ಸಾರ್ ಬರ್ತಾರೆ" ಎಂದ.

ಮೂರನೆಯ ದಿನ ಕಮಲಕ್ಕ ಆಸ್ಪತ್ರೆಯಲ್ಲಿ ತೀರಿಕೊಂಡಳು. ತಲೆಯೊಳಗೆ ರಕ್ತ ಸೋರಿತ್ತು. ಸ್ವಲ್ಪ ಮೊದಲೇ ತಂದಿದ್ದರೆ ಎಂದು ಸೆಲ್ವಿ ಕೇಳಿದಾಗ ಡಾಕ್ಟರು, ಅದನ್ನು ಹೇಳಲಾಗುವುದಿಲ್ಲ ಎಂದರು.

ಎಲ್ಲ ಮುಗಿಸಿ ಮನೆಗೆ ಬಂದ ದಿನ ಸೆಲ್ವಿ ಆ ಚೊಂಬನ್ನು ಕೈಯಲ್ಲಿ ತಿರುಗಿಸುತ್ತಾ ನಮ್ಮ ಹಾಲಿನಲ್ಲಿ ಕೂತಿದ್ದಳು. ಅಮ್ಮ ಅವಳ ಪಕ್ಕದಲ್ಲಿದ್ದಳು.

"ಅಂಕಲ್, ಅಮ್ಮ ತಟ್ಟಿರಬೇಕು. ಇದನ್ನ ನೋಡಿ. ನಿಮಗೆ ಏನೂ ಕೇಳಿಸಲಿಲ್ಲವಾ?"

"ಇಲ್ಲಮ್ಮ" ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. "ಕಾಂಕ್ರೀಟ್ ಮನೆ ಅಲ್ವಾ, ಬಾಗಿಲು ಹಾಕಿದ್ರೆ ಏನೂ ಕೇಳಿಸಲ್ಲ" ಎಂದೂ ಸೇರಿಸಿದೆ.

ಅಮ್ಮ ನನ್ನ ಮುಖ ನೋಡಿದಳು. ಆ ದಿನದಿಂದ ನಮ್ಮ ಮನೆಯ ಬಾಗಿಲನ್ನು ಹಗಲು ಮುಚ್ಚಲು ಬಿಡುವುದಿಲ್ಲ. ಸೊಳ್ಳೆ ಬರುತ್ತದೆ ಎಂದರೆ ಬರಲಿ ಎನ್ನುತ್ತಾಳೆ. ಮಳೆ ಬಂದರೆ ಟಿ.ವಿ. ನಿಲ್ಲಿಸಿ ಗೋಡೆಗೆ ಅಂಗೈ ಇಟ್ಟು ಕೂರುತ್ತಾಳೆ. ನಾನು ಕಟ್ಟಡದಲ್ಲಿ ಎಲ್ಲಿ ತಟ್ಟಿದರೂ ಮೆಟ್ಟಿಲು ಹತ್ತುತ್ತೇನೆ. ಒಮ್ಮೆ ಚಪಾತಿ ಹಿಟ್ಟು, ಒಮ್ಮೆ ಮಂಚದ ಕಾಲು, ಒಮ್ಮೆ ಮಕ್ಕಳ ಚೆಂಡು. ಮೂರನೆಯ ಮಹಡಿಯವರು ಬಾಗಿಲು ತೆರೆದು, "ಏನೂ ಇಲ್ಲ ಸಾರ್, ತೆಂಗಿನಕಾಯಿ" ಎಂದು ಕೇಳುವ ಮೊದಲೇ ಹೇಳುವಷ್ಟು ರೂಢಿಯಾಗಿದೆ. ಯಾರೂ ತಟ್ಟದಿದ್ದಾಗಲೂ ಕೆಲವೊಮ್ಮೆ ಹತ್ತಿದ್ದೇನೆ.

ಸೆಲ್ವಿ ಬದಲಾಗಲಿಲ್ಲ. ಬೆಳಿಗ್ಗೆ ಎಂಟೂವರೆಗೆ ಇಳಿಯುವಾಗ, "ಬರ್ತೀನಿ ಅಂಕಲ್" ಎನ್ನುತ್ತಾಳೆ. ಭಾನುವಾರ ಅಮ್ಮನಿಗೆ ತಲೆ ಬಾಚುತ್ತಾಳೆ. ಅವಳ ಬೀಗದ ಕೈ ನಮ್ಮ ಕೊಕ್ಕೆಯಲ್ಲೇ ಇದೆ, ವಾಪಸ್ಸು ಕೇಳಿಲ್ಲ.

ಅಡ್ಯಾರ್‌ನಿಂದ ಬಂದ ಸಂಜೆ ನಾನು ಮನೆಗೆ ಹೋಗದೆ ನೇರ ಎರಡನೆಯ ಮಹಡಿಗೆ ಹೋದೆ. ಅದು ಅವಳ ರಜೆಯ ದಿನ. ಬಟ್ಟೆ ಮಡಚುತ್ತಿದ್ದಳು. ಕೂರಿ ಎಂದಳು. ನಾನು ನಿಂತೇ ಹೇಳಿದೆ, "ಸೆಲ್ವಿ, ಅವತ್ತು ನನಗೆ ಕೇಳಿಸಿತು."

ಅವಳು ಕೈಯಲ್ಲಿದ್ದ ಸೀರೆಯನ್ನು ಪೂರ್ತಿ ಮಡಚಿ ಪಕ್ಕಕ್ಕಿಟ್ಟಳು. ನನ್ನ ಜೊತೆ ಅವಳು ಮಾತಾಡುವುದು ಯಾವಾಗಲೂ ತಮಿಳಿನಲ್ಲಿ. ಅಜ್ಜಿ ಎಂದು ಕರೆಯುವ ನಮ್ಮಮ್ಮನ ಜೊತೆ ಮಾತ್ರ ಕನ್ನಡ. ಈಗ ಕನ್ನಡದಲ್ಲಿ ಹೇಳಿದಳು.

"ಅಜ್ಜಿ ಹೇಳಿದಾರೆ ಅಂಕಲ್. ಅಮ್ಮನ ಹದಿನಾರನೇ ದಿನದ ಕಾರ್ಯಕ್ಕೆ ಬಂದಾಗ್ಲೇ ಹೇಳಿದ್ರು."

ನಾನು ಕೂತೆ.

"ನೀವು ಬಂದು ಹೇಳ್ತೀರಾ ಅಂತ ಕಾಯ್ತಿದ್ದೆ. ಅಜ್ಜಿಗೆ ಟೈಮ್ ಗೊತ್ತಿರಲಿಲ್ಲ. ಮೂರ್ತಿಗೆ ಗೊತ್ತಿರುತ್ತೆ, ಅವನು ಗಡಿಯಾರ ನೋಡ್ತಿದ್ದ ಅಂದ್ರು." ಅವಳು ದನಿ ಏರಿಸಲಿಲ್ಲ. ಸೀರೆ ಅಂಗಡಿಯಲ್ಲಿ ಅಳತೆ ಕೇಳುವ ಹಾಗೆ ಕೇಳಿದಳು. "ಎಷ್ಟು ಹೊತ್ತಿಗೆ ಶುರುವಾಯ್ತು?"

"ಹನ್ನೊಂದು ಹತ್ತಕ್ಕೆ."

"ಎಲ್ಲಿ ತನಕ ತಟ್ಟಿದ್ರು?"

"ಹನ್ನೆರಡು ಇಪ್ಪತ್ತೈದರ ತನಕ. ಕೊನೆಕೊನೆಗೆ ಬಿಡುವು ಜಾಸ್ತಿ ಆಗ್ತಾ ಹೋಯ್ತು. ಕೊನೇ ಸಲ ಎರಡೇ."

ಅವಳು ಅದನ್ನು ತನ್ನಷ್ಟಕ್ಕೆ ಲೆಕ್ಕ ಹಾಕಿದಳು. ಒಂದೂ ಕಾಲು ಗಂಟೆ. ತುಟಿ ಅಲುಗಿದ್ದು ಕಂಡಿತು.

"ತಟ್ಟೋದು ನಿಂತಾಗ ಏನಂದ್ಕೊಂಡ್ರಿ?"

ಇಷ್ಟು ವರ್ಷ ಬೇರೆಯವರ ಮನೆಗಳಲ್ಲಿ ಕೂತು ನಾನು ಕೇಳುತ್ತಿದ್ದ ಪ್ರಶ್ನೆಗಳು ಇವೇ. ಉತ್ತರ ಕೊಡುವವರು ಯಾಕೆ ನೆಲ ನೋಡುತ್ತಿದ್ದರು ಎಂದು ಆಗ ಗೊತ್ತಾಯಿತು.

"ಟೈಲ್ಸ್‌ನವರು ಊಟಕ್ಕೆ ಹೋದ್ರು ಅಂದ್ಕೊಂಡೆ" ಎಂದೆ. "ನಾವೂ ಊಟಕ್ಕೆ ಕೂತ್ವಿ."